ಆಕಾಶದ ಗುಂಡಿ ಹಾರಿ ಬಂದ ವಿಮಾನದಲ್ಲಿ ಏನೇನು ಹುಡುಕಬೇಕು

ನಮ್ಮ ಮಾವನಿಗೆ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಲಾರಿ ಗ್ಯಾರೇಜ್ ಇದೆ. ಪಾಟಾ (ಲಾರಿಯ ಸ್ಪ್ರಿಂಗ್ ಪಟ್ಟಿ) ಬದಲಿಸುವುದು, ಚಾಸಿಗೆ ರಿವೆಟ್ ಹೊಡೆಯುವುದು, ಬಾಡಿ ಕಟ್ಟುವುದು ಅವರ ಕೆಲಸ. ನನ್ನದು ಬೆಂಗಳೂರಿನಲ್ಲಿ ವಿಮಾನ ರಿಪೇರಿ. ಒಂದು ವರ್ಷ ಭರಣಿ ಮಳೆ ಹೊತ್ತಿಗೆ ನಾನು ಊರಲ್ಲಿದ್ದೆ. ಅಕ್ಕ ದೆಹಲಿಯಿಂದ ಬೆಂಗಳೂರಿಗೆ ಹಾರಿ, ಅಲ್ಲಿಂದ ರೈಲಿನಲ್ಲಿ ಬಂದಿಳಿದಳು. ಚೀಲ ಕೆಳಗಿಡುವ ಮೊದಲೇ ಶುರು: "ವಿಮಾನ ಸಾವಿರ ಅಡಿ ಧೊಪ್ಪಂತ ಬಿತ್ತು ಕಣೋ. ಮೇಲಿಟ್ಟ ಬ್ಯಾಗೆಲ್ಲ ಉದುರಿದ್ವು."

ಮಾವ ಮಂಡಕ್ಕಿ ತಟ್ಟೆ ಪಕ್ಕಕ್ಕಿಟ್ಟರು. "ಅದಿರ್ಲಿ, ಆ ವಿಮಾನ ಮತ್ತೆ ಹಾರೋ ಮೊದ್ಲು ಯಾರಾದ್ರೂ ಕೆಳಗೆ ಬಗ್ಗಿ ನೋಡಿದ್ರಾ? ನಮ್ ಲಾರಿ ಒಂದು ದೊಡ್ಡ ಗುಂಡಿ ಹಾರಿ ಬಂದ್ರೆ ಪಾಟಾ ನೋಡ್ದೆ ನಾನು ಬಿಡಲ್ಲಪ್ಪ."

ಗಾಳಿಯ ಕುಲುಕಾಟಕ್ಕೆ (ಟರ್ಬುಲೆನ್ಸ್) ಸಿಕ್ಕಿ ಬಂದ ವಿಮಾನವನ್ನು ಹೇಗೆ ತಪಾಸಣೆ ಮಾಡುತ್ತೇವೆ ಅಂತ ಅವರಿಗೆ ಅವತ್ತು ಹೇಳಿದ್ದನ್ನು ಸ್ವಲ್ಪ ಬೆಳೆಸಿ ಇಲ್ಲಿ ಬರೆದಿದ್ದೇನೆ. ವಿಮಾನ ನಿರ್ವಹಣೆ ಕಲಿಯುತ್ತಿರುವ ನಮ್ಮ ಕಡೆಯ ಹುಡುಗರಿಗೂ ಉಪಯೋಗ ಆದೀತು. ಕೆಲಸಕ್ಕೆ ಇಳಿದಾಗ ಮಾತ್ರ ಆಯಾ ವಿಮಾನದ ನಿರ್ವಹಣಾ ಕೈಪಿಡಿಯ 05-51 ಅಧ್ಯಾಯವೇ ಕೈಯಲ್ಲಿರಬೇಕು. ಅಲ್ಲಿರುವ ಹೆಜ್ಜೆಗಳನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಆ ಹೆಜ್ಜೆ ಇಡುವಾಗ ಕಣ್ಣು ಎಲ್ಲಿರಬೇಕು ಅನ್ನುವುದನ್ನು ಬರೆಯುತ್ತಿದ್ದೇನೆ.

ಸಾವಿರ ಅಡಿ ನಿಜವಾ?

ಬಹುಪಾಲು ಅಲ್ಲ. 2024ರ ಮೇ 21ರಂದು ಲಂಡನ್‌ನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ ಏರ್‌ಲೈನ್ಸ್‌ನ 777 ವಿಮಾನ ಮ್ಯಾನ್ಮಾರ್ ಮೇಲೆ ಇಂಥ ಕುಲುಕಾಟದಲ್ಲಿ ಸಿಕ್ಕಿಹಾಕಿಕೊಂಡಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು, ಬಹಳ ಜನರಿಗೆ ಗಾಯವಾಯಿತು. ವಿಮಾನ 6,000 ಅಡಿ ಬಿತ್ತು ಅಂತ ಸುದ್ದಿಯಾಯಿತು. ಹಾರಾಟದ ಅಂಕಿಗಳನ್ನು ದಾಖಲಿಸುವ ರೆಕಾರ್ಡರ್ ತೆಗೆದು ನೋಡಿದರೆ ಕುಲುಕಾಟದಲ್ಲಿ ಎತ್ತರ ಇಳಿದಿದ್ದು 178 ಅಡಿ. ಆಮೇಲಿನ ಇಳಿತ ಪೈಲಟ್‌ಗಳೇ ಬೇಕೆಂದು ಇಳಿಸಿದ್ದು. ಹಾಗಾದರೆ ಜನ ಸೀಲಿಂಗಿಗೆ ಹೊಡೆದುಕೊಂಡಿದ್ದು ಹೇಗೆ? 0.6 ಸೆಕೆಂಡಿನಲ್ಲಿ ಭಾರ +1.35 ಜಿಯಿಂದ −1.5 ಜಿಗೆ ತಿರುಗಿತ್ತು. ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಜನ ಸೀಲಿಂಗಿನ ಕಡೆ ಹಾರಿದ್ದರು.

ಜಿ ಅಂದರೆ ಸುಲಭ. ಈಗ ಕುರ್ಚಿಯಲ್ಲಿ ಕೂತಿದ್ದೀರಲ್ಲ, ಅದು 1 ಜಿ. 2 ಜಿ ಆದರೆ 60 ಕೆಜಿಯವರು 120 ಕೆಜಿ ಆದ ಹಾಗೆ ಅನಿಸುತ್ತದೆ. ಸೊನ್ನೆಯಾದರೆ ತೇಲುತ್ತೀರಿ. ಮೈನಸ್ಸಿಗೆ ಹೋದರೆ ಸೀಲಿಂಗೇ ನೆಲ. ವಿಮಾನ ಎಷ್ಟು ಅಡಿ ಇಳಿಯಿತು ಅನ್ನುವುದು ನಮಗೆ ಅಷ್ಟು ಮುಖ್ಯವಲ್ಲ. ಎಷ್ಟು ಜಿ ಬಂತು, ಎಷ್ಟು ಬೇಗ ಬಂತು, ಅದನ್ನು ಹೊತ್ತವರು ಯಾರು ಅನ್ನುವುದು ಮುಖ್ಯ. ಸಾಮಾನ್ಯ ಲೆಕ್ಕದಲ್ಲಿ ಅರ್ಧ ಜಿಯಿಂದ 1 ಜಿವರೆಗೆ ಏರಿಳಿತ ಆದರೆ ಮಾಡರೇಟ್, 1 ಜಿ ದಾಟಿದರೆ ಸಿವಿಯರ್. ಪೈಲಟ್ ಭಾಷೆಯಲ್ಲಿ ಸಿವಿಯರ್ ಅಂದರೆ ಕ್ಷಣಹೊತ್ತು ವಿಮಾನ ಕೈಮಾತು ಕೇಳಲಿಲ್ಲ ಅಂತ.

ತಡೆದುಕೊಳ್ಳುವುದು ಹೇಗೆ

ಕಿಟಕಿ ಪಕ್ಕ ಕೂತವರು ರೆಕ್ಕೆ ಅಲ್ಲಾಡುವುದನ್ನು ನೋಡಿ ಹೆದರುತ್ತಾರೆ. ಅಲ್ಲಾಡದಿದ್ದರೆ ಹೆದರಬೇಕು. ಚನ್ನಗಿರಿ ಕಡೆ ಅಡಿಕೆ ತೋಟದಲ್ಲಿ ಗಾಳಿ ಬೀಸಿದಾಗ ನೋಡಿ, ಮರ ಬಾಗಿ ಏಳುತ್ತದೆ. ರೆಕ್ಕೆ ಮಾಡುವುದೂ ಅದನ್ನೇ. ಗಾಳಿಯ ಹೊಡೆತವನ್ನು ಬಾಗಿ ನುಂಗಿ, ಉಳಿದಿದ್ದನ್ನು ಮಾತ್ರ ಬುಡಕ್ಕೆ ಕಳಿಸುತ್ತದೆ. 2010ರ ಮಾರ್ಚ್‌ನಲ್ಲಿ ಬೋಯಿಂಗ್ 787ರ ರೆಕ್ಕೆಯನ್ನು ಪರೀಕ್ಷೆಗೆ ಎಳೆದಾಗ ತುದಿ ಸುಮಾರು 25 ಅಡಿ ಮೇಲೆದ್ದಿತ್ತು.

ದೊಡ್ಡ ವಿಮಾನಗಳ ವಿನ್ಯಾಸದ ಮಿತಿ +2.5 ಜಿ, −1 ಜಿ. ಇದರ ಜೊತೆ ಗಾಳಿಯ ಹೊಡೆತಕ್ಕೆ ಬೇರೆ ಲೆಕ್ಕವೂ ಇದೆ. ಈ ಮಿತಿಯವರೆಗೆ ಎಷ್ಟು ಬಾಗಿದರೂ ಲೋಹ ತನ್ನ ಆಕಾರಕ್ಕೆ ವಾಪಸ್ ಬರಬೇಕು. ಮಿತಿಯ ಒಂದೂವರೆ ಪಟ್ಟು ಭಾರ ಹಾಕಿದರೆ 3 ಸೆಕೆಂಡ್ ಮುರಿಯದೆ ನಿಲ್ಲಬೇಕು. ಬಾಗಿದ್ದು ಬಾಗಿದಂತೇ ಉಳಿದರೂ ಪರವಾಗಿಲ್ಲ, ಮುರಿಯಬಾರದು. ಬೋಯಿಂಗ್ 777ರ ರೆಕ್ಕೆ 1995ರ ಪರೀಕ್ಷೆಯಲ್ಲಿ ಮಿತಿಯ 154 ಶೇಕಡಾದಲ್ಲಿ ಮುರಿಯಿತು. ಏರ್‌ಬಸ್ ಎ380ರದ್ದು 2006ರಲ್ಲಿ 147ಕ್ಕೇ ಮುರಿದಿದ್ದರಿಂದ ಆ ಜಾಗಕ್ಕೆ ಇನ್ನಷ್ಟು ಬಲ ಕೊಡಬೇಕಾಯಿತು.

ಈ 100ಕ್ಕೂ 150ಕ್ಕೂ ನಡುವಿನ ಜಾಗವೇ ನಮ್ಮ ಕೆಲಸದ ಜಾಗ. ಅಲ್ಲಿಗೆ ಹೋಗಿ ಬಂದ ವಿಮಾನ ಸುರಕ್ಷಿತವಾಗಿ ಇಳಿಯುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಎಲ್ಲೋ ಒಂದು ಕಡೆ ತಗಡು ಮಾತ್ರ ತನ್ನ ಹಳೆಯ ಆಕಾರ ಮರೆತಿರಬಹುದು.

ಪೈಲಟ್‌ಗಳು ತಮ್ಮ ಪಾಲಿನ ಕೆಲಸ ಮಾಡಿರುತ್ತಾರೆ. ಎ320ರಲ್ಲಿ 20,000 ಅಡಿ ಮೇಲಿದ್ದರೆ 275 ನಾಟ್ (ವಿಮಾನದ ವೇಗದ ಅಳತೆ) ಅಥವಾ ಮ್ಯಾಕ್ 0.76 (ಶಬ್ದದ ವೇಗದ 0.76 ಪಟ್ಟು), ಕೆಳಗಿದ್ದರೆ 250 ನಾಟ್, ಹೀಗೆ ಕುಲುಕಾಟಕ್ಕೆಂದೇ ಒಂದು ವೇಗ ಇದೆ. ಜೋರಾಗಿ ಹೋದಷ್ಟೂ ಹೊಡೆತ ಜೋರು, ತೀರಾ ನಿಧಾನವಾದರೆ ರೆಕ್ಕೆ ಹಿಡಿತ ಕಳೆದುಕೊಳ್ಳುತ್ತದೆ. ಮಾವನ ಮಾತಲ್ಲಿ ಹೇಳುವುದಾದರೆ, ಗುಂಡಿ ಕಂಡಾಗ ಎರಡನೇ ಗೇರ್. ಕಂಡರೆ ತಾನೇ! ಹವಾಮಾನ ರಾಡಾರ್‌ಗೆ ಕಾಣುವುದು ಮಳೆಹನಿ. ಮೋಡವೇ ಇಲ್ಲದ ಕಡೆ ಗಾಳಿ ಮಾತ್ರ ತಿರುಚಿಕೊಂಡಿದ್ದರೆ ಅದಕ್ಕೆ ಏನೂ ಕಾಣಿಸುವುದಿಲ್ಲ.

ಮೊದಲ ತಪ್ಪು ಲಾಗ್ ಬುಕ್‌ನಲ್ಲೇ ಆಗುತ್ತದೆ

ಪೈಲಟ್ 'ಸಿವಿಯರ್' ಅಂತ ಬರೆದರೆ ತಪಾಸಣೆ ಕಡ್ಡಾಯ. ಹಾಗಾಗಿ ಆ ಪದ ಬರೆಯಬೇಡಿ ಅನ್ನುವವರೂ ಇರುತ್ತಾರೆ. ನಾನು ಕೆಲಸ ಮಾಡಿದ ಒಂದು ಕಡೆ ಶಿಫ್ಟ್ ಮ್ಯಾನೇಜರ್ ಒಬ್ಬರು ಕ್ಯಾಪ್ಟನ್ ಹಿಂದೆಯೇ ಮೆಟ್ಟಿಲಿಳಿದು, "ಸಾರ್, ಮಾಡರೇಟ್ ಅಂತ ಹಾಕಿಬಿಡಿ, ಬೆಳಗಿನ ಜಾವ ನಾಲ್ಕೂವರೆಗೆ ಇದೇ ವಿಮಾನ ಹೊರಡಬೇಕು" ಅಂದಿದ್ದರು. ಕ್ಯಾಪ್ಟನ್ ಪೆನ್ನಿನ ಮುಚ್ಚಳ ಹಾಕಿ ಸುಮ್ನೆ ನಕ್ಕರು, ಬರೆದಿದ್ದನ್ನು ಬದಲಿಸಲಿಲ್ಲ. ಆ ರಾತ್ರಿಯ ಕಥೆ ಕೊನೆಗೆ ಹೇಳುತ್ತೇನೆ.

2022ರ ಮೇ 1ರಂದು ಮುಂಬೈನಿಂದ ದುರ್ಗಾಪುರಕ್ಕೆ (ನಮ್ಮ ದುರ್ಗ ಅಲ್ಲ, ಪಶ್ಚಿಮ ಬಂಗಾಳದ್ದು) ಹೊರಟ 737 ಇಳಿಯುವಾಗ +2.64 ಜಿ, −1.36 ಜಿ ಕಂಡಿತ್ತು ಅಂತ ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಹೇಳಿತು. ಮೇಲೆ ಹೇಳಿದ ಎರಡೂ ಮಿತಿ ದಾಟಿದ ಅಂಕಿ ಇದು. ಆ ವಿಮಾನ ಅಲ್ಲಿಂದ ಮತ್ತೆ ಕೋಲ್ಕತ್ತಕ್ಕೆ ಹಾರಿತು. ದುರ್ಗಾಪುರದಲ್ಲಿ ಹಾರಲು ಬಿಟ್ಟ ಎಂಜಿನಿಯರನ್ನು ಡಿಜಿಸಿಎ ತನಿಖೆ ಮುಗಿಯುವವರೆಗೆ ಕೆಲಸದಿಂದ ಇಳಿಸಿತು. ಸಣ್ಣ ಊರಿನ ಏರ್‌ಪೋರ್ಟಿನಲ್ಲಿ ಒಬ್ಬನೇ ನಿಂತು ಸಹಿ ಹಾಕುವ ಹುಡುಗನಿಗೆ ಯಾವ ಒತ್ತಡ ಇರುತ್ತದೆ ಅಂತ ನನಗೆ ಗೊತ್ತು. ಆದರೂ ಸಹಿ ನಿಮ್ಮದು, ಮ್ಯಾನೇಜರದ್ದಲ್ಲ.

ಕ್ಯಾಪ್ಟನ್ ಹೋಟೆಲಿಗೆ ಹೋಗುವ ಮೊದಲು ಕೇಳಿಟ್ಟುಕೊಳ್ಳಿ: ಆಗ ತೂಕ ಎಷ್ಟು, ರೆಕ್ಕೆಯಲ್ಲಿ ಇಂಧನ ಎಷ್ಟು, ವೇಗ ಎಷ್ಟು, ಫ್ಲಾಪ್ (ಏರುವಾಗ, ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಹೊರಬಿಡುವ ಭಾಗ) ಹೊರಗಿತ್ತಾ. ಫ್ಲಾಪ್ ಬಿಟ್ಟಾಗ ಮಿತಿ 2.5 ಅಲ್ಲ, 2 ಜಿ. ಇದನ್ನು ಕೇಳಲು ಮರೆಯುವವರೇ ಜಾಸ್ತಿ. ರೆಕ್ಕೆಯಲ್ಲಿ ಇಂಧನ ತುಂಬಿದ್ದರೆ ಅದರ ತೂಕವೇ ರೆಕ್ಕೆಯನ್ನು ಕೆಳಗೆ ಹಿಡಿದು ಬುಡಕ್ಕೆ ಆರಾಮ ಕೊಡುತ್ತದೆ. ಆಲಿಕಲ್ಲು, ಸಿಡಿಲು, ಮಿತಿ ಮೀರಿದ ವೇಗ ಜೊತೆಗೆ ಬಂದಿದ್ದರೆ ಅವುಗಳ ತಪಾಸಣೆ ಬೇರೆ ಬೇರೆ. ಒಂದರಲ್ಲಿ ಇನ್ನೊಂದನ್ನು ಸೇರಿಸಬೇಡಿ.

ರೆಕಾರ್ಡರ್ ಅಂಕಿ ಬೇಕೇ ಬೇಕು, ಆದರೆ ಅದನ್ನು ಓದುವುದು ಗೊತ್ತಿರಬೇಕು. ಜಿ ಅಳೆಯುವ ಸಾಧನ ವಿಮಾನದ ನಡು ಭಾಗದಲ್ಲಿರುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ 8 ಸಲ ಅಳೆಯುತ್ತದೆ. ಬಸ್ಸಿನ ಹಿಂದಿನ ಸೀಟಿನವರು ಹಾರಿ ಬೀಳುವಾಗ ನಡುವಿನ ಸೀಟಿನವರು ನಿದ್ದೆ ಮಾಡುತ್ತಿರುತ್ತಾರೆ, ಅಲ್ವಾ? ವಿಮಾನದ ಬಾಲವೂ ಹಾಗೇ. ನಡುವಿನ ಅಂಕಿ ಸಣ್ಣದಿದೆ ಅಂತ ಬಾಲವನ್ನು ಬಿಡಬೇಡಿ.

ಯಾರಿಗಾದರೂ ಗಂಭೀರ ಗಾಯ ಆಗಿದ್ದರೆ ಕೈ ಕಟ್ಟಿ ನಿಲ್ಲಿ. ಅದು ನಿಯಮದ ಪ್ರಕಾರ ಅಪಘಾತ, ತನಿಖೆಯವರದ್ದು. ಕಾಕ್‌ಪಿಟ್ ಧ್ವನಿ ರೆಕಾರ್ಡರ್ ಬಹಳ ವಿಮಾನಗಳಲ್ಲಿ ಕೊನೆಯ ಎರಡು ಗಂಟೆಯಷ್ಟೇ ಉಳಿಸಿಕೊಳ್ಳುತ್ತದೆ. ಕರೆಂಟ್ ಕೊಟ್ಟು ಬಿಟ್ಟರೆ ನಿಮ್ಮ ಹರಟೆ ಅದರ ಮೇಲೆ ಬರೆದುಕೊಳ್ಳುತ್ತದೆ.

ದೂರ ನಿಂತು, ಆಮೇಲೆ ಹತ್ತಿರ

ತಪಾಸಣೆ ಎರಡು ಹಂತ. ಮೊದಲನೆಯದು ಕಣ್ಣಿನದು. ಅದರಲ್ಲಿ ಏನಾದರೂ ಸಿಕ್ಕಿದರೆ ಪ್ಯಾನಲ್ ಬಿಚ್ಚಿ ಒಳಗೆ ಹೋಗುವ ಎರಡನೆಯದು. ಬಹಳ ಸಲ ಮೊದಲನೆಯದರಲ್ಲೇ ಮುಗಿಯುತ್ತದೆ. ಅದಕ್ಕೇ ಮೊದಲನೆಯದನ್ನು ಬೇಗ ಮುಗಿಸುವ ಚಟ ಬೆಳೆಯುತ್ತದೆ.

ಭಾರ ಹರಿದ ದಾರಿ ಹಿಡಿದು ಹೋಗಿ. ರೆಕ್ಕೆ ಎತ್ತಿದ ಭಾರ ಬುಡದಲ್ಲಿ ಹೊಟ್ಟೆಗೆ ಸೇರುತ್ತದೆ. ಎಂಜಿನ್ ತನ್ನ ತೂಕಕ್ಕೆ ತಾನೇ ಜೋತು, ತನ್ನನ್ನು ರೆಕ್ಕೆಗೆ ಕಟ್ಟಿದ ಪೈಲಾನ್ ಅನ್ನು ಎಳೆದಿರುತ್ತದೆ. ಬಾಲದ ರೆಕ್ಕೆ ತನ್ನ ಫಿಟ್ಟಿಂಗ್‌ಗಳನ್ನು ಜಗ್ಗಿರುತ್ತದೆ. ಭಾರ ಇರುವ ವಸ್ತು ಎಲ್ಲೆಲ್ಲಿ ಕಟ್ಟಿಕೊಂಡಿದೆಯೋ ಅಲ್ಲೆಲ್ಲ ನೋಡಬೇಕು.

ಟಾರ್ಚನ್ನು ತಗಡಿಗೆ ನೇರ ಹಿಡಿಯಬೇಡಿ. ತಗಡಿಗೆ ಒರಗಿಸಿ, ಓರೆಯಾಗಿ ಬೆಳಕು ಬಿಡಿ. ನೇರ ಬೆಳಕಲ್ಲಿ ನುಣ್ಣಗೆ ಕಂಡ ಜಾಗ ಓರೆ ಬೆಳಕಲ್ಲಿ ಸುಕ್ಕು ತೋರಿಸುತ್ತದೆ. ನಮ್ಮೂರಿನ ಬಟ್ಟೆ ಮಿಲ್‌ನಲ್ಲಿ ದುಡಿದ ಅಜ್ಜ ಮನೆಗೆ ತಂದ ಪಂಚೆಯನ್ನೂ ಕಿಟಕಿ ಬೆಳಕಿಗೆ ಓರೆ ಹಿಡಿದೇ ನೋಡುತ್ತಿದ್ದರು. ಎಳೆ ತಪ್ಪಿದ್ದು ಹಾಗೆ ಮಾತ್ರ ಕಾಣುತ್ತದೆ ಅಂತ. ಸುಕ್ಕು ಕಂಡ ತಕ್ಷಣ ಗಾಬರಿಯೂ ಬೇಡ. ಕೆಲವು ತಗಡು ನಿಂತಾಗ ಸ್ವಲ್ಪ ಅಲೆ ಅಲೆ ಇರುವುದು ಸಹಜ. ಎಡಗಡೆ ಕಂಡಿದ್ದನ್ನು ಬಲಗಡೆ ಅದೇ ಜಾಗದಲ್ಲಿ ಹುಡುಕಿ. ಎರಡೂ ಕಡೆ ಒಂದೇ ತರ ಇದ್ದರೆ ಬಹುಶಃ ಹುಟ್ಟುಗುಣ. ಒಂದೇ ಕಡೆ ಇದ್ದರೆ, ಸಾಲು ರಿವೆಟ್‌ಗಳ ನಡುವೆ ಓರೆಯಾಗಿ ಓಡಿದ್ದರೆ, ಅಥವಾ ಹೆಬ್ಬೆರಳಿನಿಂದ ಒತ್ತಿದಾಗ ಎಣ್ಣೆ ಟಿನ್ನಿನ ತಳದ ಹಾಗೆ 'ಟಪ್' ಎಂದು ಒಳಗೆ ಹೋಗಿ ಬಂದರೆ, ಅಳತೆ ತೆಗೆದು ಕೈಪಿಡಿಯ ಮಿತಿಯ ಜೊತೆ ಹೋಲಿಸಿ.

ಈಗ ರಿವೆಟ್. ಇಲ್ಲಿ ಮಾವನ ಗ್ಯಾರೇಜಿಗೆ ಒಂದು ಸಲ ಹೋಗಿ ಬರೋಣ. ಅವರು ಚಾಸಿ ಕೆಳಗೆ ಮಲಗಿ ಮೊದಲು ನೋಡುವುದು ರಿವೆಟ್ ತಲೆಯಿಂದ ಇಳಿದ ಕೆಂಪು ಗೆರೆ. ಗೆರೆ ಇದ್ದರೆ ರಿವೆಟ್ ಸಡಿಲ, ತಿಕ್ಕಾಡಿ ತುಕ್ಕು ಉಗುಳುತ್ತಿದೆ ಅಂತ. ಆಮೇಲೆ ತಲೆಯ ಒಂದು ಪಕ್ಕಕ್ಕೆ ಬೆರಳಿಟ್ಟು ಇನ್ನೊಂದು ಪಕ್ಕ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಬೆರಳಿಗೆ ಗೊತ್ತಾಗುತ್ತದೆ. ವಿಮಾನಕ್ಕೆ ಸುತ್ತಿಗೆ ಹಾಕುವ ಹಾಗಿಲ್ಲ, ಗೆರೆಯ ಪಾಠ ಮಾತ್ರ ಅದೇ. ಅಲ್ಯೂಮಿನಿಯಂ ತಿಕ್ಕಾಡಿದರೆ ಕಪ್ಪು ಪುಡಿ ಬರುತ್ತದೆ, ಗಾಳಿ ಅದನ್ನು ಹಿಂದಕ್ಕೆ ಎಳೆದು ಬಾಲ ಮಾಡುತ್ತದೆ. ಹ್ಯಾಂಗರಿನಲ್ಲಿ ಇದಕ್ಕೆ ಸ್ಮೋಕಿಂಗ್ ರಿವೆಟ್ ಅನ್ನುತ್ತೇವೆ.

ಹೊಸಬರು ಎಡವುವುದು ಇಲ್ಲೇ. ಉದ್ದನೆಯ ಕಪ್ಪು ಬಾಲ ಕಂಡ ಕೂಡಲೇ "ಸಿಕ್ತು ಸಾರ್, ಟರ್ಬುಲೆನ್ಸ್ ಡ್ಯಾಮೇಜ್" ಅಂತ ಕೂಗುತ್ತಾರೆ. ಯೋಚನೆ ಮಾಡಿ. ಅಷ್ಟು ಪುಡಿ ಉದುರಲು ರಿವೆಟ್ ಎಷ್ಟೋ ಹಾರಾಟ ತಿಕ್ಕಾಡಿರಬೇಕು. ಅದು ಹಳೆಯ ರೋಗ. ಅದಕ್ಕೆ ಬೇರೆ ನಮೂದು ಮಾಡಿ, ಬೇರೆ ಚಿಕಿತ್ಸೆ ಕೊಡಿ. ಇವತ್ತಿನ ಪೆಟ್ಟು ಕಪ್ಪಾಗಿರುವುದಿಲ್ಲ, ಹೊಳೆಯುತ್ತದೆ. ರಿವೆಟ್ ತಲೆಯ ಸುತ್ತ ಬಣ್ಣ ಉಂಗುರದ ಹಾಗೆ ಬಿರಿದಿರುತ್ತದೆ, ಬಿರುಕಿನಲ್ಲಿ ಹೊಸ ಲೋಹ ಮಿನುಗುತ್ತದೆ, ತಲೆ ಕೂದಲೆಳೆಯಷ್ಟು ವಾಲಿರುತ್ತದೆ, ಅಥವಾ ತಲೆಯೇ ಇರುವುದಿಲ್ಲ.

ರೆಕ್ಕೆ ಅಡಿಯಲ್ಲಿ ಹನಿ

ಮುಂದಿನ ಗೊಂದಲ ಹನಿಯದು. ಎತ್ತರದಲ್ಲಿ ತಣ್ಣಗಾದ ಇಂಧನ ತೊಟ್ಟಿಯಲ್ಲಿ ಇರುವಾಗ ಮಳೆಗಾಲದ ರಾತ್ರಿ ಇಳಿದರೆ ರೆಕ್ಕೆಯ ಅಡಿ ಬೆವರುತ್ತದೆ. ತಂಬಿಗೆಯಲ್ಲಿ ಐಸ್ ನೀರು ತುಂಬಿಟ್ಟ ಹಾಗೆ. ಹಾಗಾಗಿ ಮೊದಲು ಬೆರಳಿಗೆ ಹಚ್ಚಿ ಮೂಸಿ ನೋಡಿ. ಸೀಮೆಎಣ್ಣೆ ವಾಸನೆ ಇಲ್ಲದಿದ್ದರೆ ನೀರು. ವಾಸನೆ ಇದ್ದರೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಟಾಲ್ಕಮ್ ಪೌಡರ್ ಉದುರಿಸಿ ಗಡಿಯಾರ ನೋಡಿ. 30 ನಿಮಿಷದಲ್ಲಿ ಒದ್ದೆ ಎಷ್ಟು ಅಗಲ ಹರಡುತ್ತದೆ ಅನ್ನುವುದರ ಮೇಲೆ ಅದು ಬರೀ ಕಲೆಯೋ, ಜಿನುಗೋ, ಜೋರು ಜಿನುಗೋ, ಹರಿಯುವ ಸೋರಿಕೆಯೋ ಅಂತ ತೀರ್ಮಾನ. ಕೆಲವನ್ನು ಗಮನವಿಟ್ಟು ಹಾರಿಸಬಹುದು, ಕೆಲವನ್ನು ಹಾರಿಸುವ ಹಾಗೇ ಇಲ್ಲ. ಎಲ್ಲಿ ಸೋರುತ್ತಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಹನಿ ಬಿದ್ದ ಜಾಗವೇ ಸೋರಿದ ಜಾಗ ಅಂದುಕೊಳ್ಳಬೇಡಿ. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಹೇಳಬೇಕಾಗಿಲ್ಲ. ಒಡೆದ ಹಂಚು ಒಂದು ಕಡೆ, ಪಾತ್ರೆ ಇಟ್ಟಿದ್ದು ಇನ್ನೊಂದು ಕಡೆ. ಇಂಧನವೂ ರೀಪಿನ ಮೇಲೆ ಹರಿದ ನೀರಿನಂತೆ ಒಳಗೇ ದೂರ ಹೋಗಿ ಇಳಿಯುತ್ತದೆ.

ಎಂಜಿನ್, ಬಾಲ, ಸರಕು ಕೋಣೆ

ಎಂಜಿನ್ನಿನ ಮುಚ್ಚಳ, ಪೈಲಾನ್‌ನ ಫೇರಿಂಗ್ (ಹೊರಹೊದಿಕೆ), ಚಕ್ರದ ಬಾಗಿಲುಗಳ ಸಂದು ಎರಡೂ ಕಡೆ ಸಮ ಇದೆಯಾ ನೋಡಿ. ಎಲಿವೇಟರನ್ನು (ಬಾಲದ ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಭಾಗ) ಕೈಯಿಂದ ಅಲ್ಲಾಡಿಸಿ ಹೆಚ್ಚಿನ ಆಟ ಇದೆಯಾ ನೋಡಿ, ಅದರ ತೂಕದ ತುಂಡುಗಳ ಬೋಲ್ಟ್ ನೋಡಿ. 787, ಎ350 ತರದ ವಿಮಾನಗಳ ತೂಕದಲ್ಲಿ ಅರ್ಧದಷ್ಟು ಕಾಂಪೋಸಿಟ್, ಅಂದರೆ ನಾರಿನ ಪದರಗಳನ್ನು ಅಂಟಿನಲ್ಲಿ ಕೂಡಿಸಿ ಮಾಡಿದ್ದು. ಅದು ಸುಕ್ಕಾಗುವುದಿಲ್ಲ, ಪದರ ಒಳಗೇ ಬಿಟ್ಟುಕೊಳ್ಳುತ್ತದೆ. ಅನುಮಾನ ಬಂದ ಜಾಗ ತಟ್ಟಿ ಕೇಳಿ. ಸಂತೆಯಲ್ಲಿ ಗಡಿಗೆ ಬಡಿದು ಕೊಳ್ಳುವವರಿಗೆ ಗೊತ್ತಿರುವ ವಿದ್ಯೆಯೇ. ಶಬ್ದ ಕಂಚಿನಂತಿದ್ದದ್ದು ಬೊದ್ದಾದರೆ ಅಲ್ಟ್ರಾಸಾನಿಕ್ ಯಂತ್ರದವರನ್ನು ಕರೆಯಿರಿ.

ಸರಕು ಕೋಣೆಯಲ್ಲಿ ಬಲೆ, ಲಾಕ್, ಗೋಡೆಯ ಹಾಳೆ. ಕಂಟೇನರ್ ಜಾರಿ ಹಾಳೆ ಹರಿದಿದ್ದರೆ ಅದು ಅಂದದ ಪ್ರಶ್ನೆಯಲ್ಲ. ಬೆಂಕಿ ಬಿದ್ದರೆ ಒಳಗೇ ಹಿಡಿದಿಡುವುದು ಆ ಹಾಳೆಯೇ.

ಆ ರಾತ್ರಿಯ ವಿಮಾನ

ಕ್ಯಾಪ್ಟನ್ 'ಸಿವಿಯರ್' ಅಂತ ಬರೆದ ಆ ವಿಮಾನವನ್ನು ನಾವು ಐದು ಜನ ರಾತ್ರಿಯಿಡೀ ನೋಡಿದೆವು. ಹೊರಗೆ ಏನೂ ಇಲ್ಲ. ರೆಕಾರ್ಡರ್ ಅಂಕಿಯೂ ಮಿತಿಯೊಳಗೆ. ಒಳಗೆ 23ನೇ ಸಾಲಿನ ಎಡಗಡೆ, ತಲೆಯ ಮೇಲಿನ ಪ್ಯಾನಲ್‌ಗೆ ಯಾರದೋ ತಲೆ ತಾಗಿ ಒಂದು ಮೂಲೆ ಬಿರುಕು ಬಿಟ್ಟಿತ್ತು. ಓದುವ ದೀಪ, ಗಾಳಿಯ ನಾಝಲ್, ಆಕ್ಸಿಜನ್ ಮಾಸ್ಕ್ ಎಲ್ಲ ಇರುವ ಪ್ಯಾನಲ್ ಅದು. ಬಿರುಕು ಬಿಟ್ಟ ಅಂಚುಪಟ್ಟಿ ಬದಲಿಸಿ, ಒತ್ತಿ ಕೂರಿಸಿದೆವು. ಕಟ್ ಅಂತ ಶಬ್ದ ಬಂತು. ವಿಮಾನ ನಾಲ್ಕೂವರೆಗೆ ಅಲ್ಲ, ಏಳಕ್ಕೆ ಹೊರಟಿತು.

ಮೂರನೇ ದಿನ ಕ್ಯಾಬಿನ್ ಲಾಗ್‌ನಲ್ಲಿ ಒಂದು ದೂರು: ಹಿಂದಿನ ಸಾಲುಗಳಲ್ಲಿ ಸೆಕೆ, ಎಲ್ಲೋ ಸುಯ್ ಅನ್ನುವ ಸದ್ದು. ಟರ್ಬುಲೆನ್ಸ್ ಯಾರಿಗೂ ನೆನಪಾಗಲಿಲ್ಲ. ಫಿಲ್ಟರ್ ಕಟ್ಟಿಕೊಂಡಿರಬೇಕು ಅಂತ ಹಗಲು ಶಿಫ್ಟಿನವರು ಫಿಲ್ಟರ್ ಬದಲಿಸಿದರು. ಮರುದಿನ ಅದೇ ದೂರು. ರಾತ್ರಿ ನನ್ನ ಪಾಳಿ ಬಂತು. ಟಿಶ್ಯೂ ಪೇಪರನ್ನು ಉದ್ದಕ್ಕೆ ಹರಿದು ಪ್ರತಿ ನಾಝಲ್‌ಗೂ ಹಿಡಿಯುತ್ತಾ ನಡೆದೆ. ಬಲಗಡೆ ಎಲ್ಲ ಸಾಲಿನಲ್ಲೂ ಚೀಟಿ ಪಟಪಟ ಹಾರಿತು. ಅಂದರೆ ಫಿಲ್ಟರ್, ಫ್ಯಾನ್ ಎರಡೂ ಸರಿಯಿವೆ. ಎಡಗಡೆ 22ರವರೆಗೆ ಹಾರಿತು. 23ರಲ್ಲಿ ಚೀಟಿ ನೇತಾಡಿಕೊಂಡೇ ಇತ್ತು. 24, 25ರಲ್ಲಿ ಸಣ್ಣಗೆ ಅಲ್ಲಾಡಿತು.

23, ಎಡಗಡೆ. ಆಗ ಹೊಟ್ಟೆಯಲ್ಲಿ ಒಂದು ತರ ಆಯಿತು. ಆ ಅಂಚುಪಟ್ಟಿ ಬದಲಿಸಿದ್ದು ನಾನೇ.

ಪ್ಯಾನಲ್ ಇಳಿಸಿದೆ. ಹಿಂದೆ ಗಾಳಿಯ ಮೆದು ಪೈಪ್ ಕೊಳವೆಯಿಂದ ಕಳಚಿ ಜೋತಾಡುತ್ತಿತ್ತು. ಅದರ ಪಟ್ಟಿ ಮಾತ್ರ ಪೈಪಿನ ತುದಿಯಲ್ಲಿ ಬಿಗಿಯಾಗಿಯೇ ಇತ್ತು. ತಲೆಯ ಪೆಟ್ಟಿಗೆ ಪ್ಯಾನಲ್ ಮೇಲೆದ್ದು ಪೈಪನ್ನು ದೂಡಿತ್ತು. ನಾನು ಅಂದು ಮುಂದಿನ ಬಿರುಕು ನೋಡಿದೆ, ಹಿಂದೆ ಕನ್ನಡಿ ಹಿಡಿಯಲಿಲ್ಲ. ಪೈಪ್ ಕೂರಿಸಿ ಪಟ್ಟಿ ಬಿಗಿಯಲು ಹತ್ತು ನಿಮಿಷ ಸಾಕಾಯಿತು. ಚೀಟಿ ಹಾರಿತು.

ಅಲ್ಲಿಗೆ ಮುಚ್ಚಬಹುದಿತ್ತು. ಪಕ್ಕದಲ್ಲಿದ್ದ ಟೆಕ್ನಿಷಿಯನ್ ಹುಡುಗ, ಹರಿಹರದವನು, "ಅಣ್ಣಾ, ಮಾಸ್ಕ್ ಬಾಗಿಲೂ ಒಂದ್ಸಲ ಬಿಟ್ಟು ನೋಡೋಣ" ಅಂದ. ಬಿಟ್ಟು ನೋಡಿದೆವು. ಬಾಗಿಲು ಎರಡು ಬೆರಳಷ್ಟು ತೆರೆದು ನಿಂತುಬಿಟ್ಟಿತು. ಹಿಂಜ್ ಪಕ್ಕದ ಬ್ರಾಕೆಟ್ ಬಗ್ಗಿತ್ತು, ಬಾಗಿಲಿನ ಅಂಚು ಅದಕ್ಕೆ ತಾಗುತ್ತಿತ್ತು. ಮೂರು ದಿನ ಆ ವಿಮಾನ ಆ ಮೂರು ಸೀಟಿಗೆ ಮಾಸ್ಕ್ ಇಳಿಯುವ ಖಾತ್ರಿ ಇಲ್ಲದೇ ಹಾರಿತ್ತು.

ಲಾಗ್‌ನಲ್ಲಿ ಹಳೆಯ ಟರ್ಬುಲೆನ್ಸ್ ನಮೂದಿನ ಸಂಖ್ಯೆ ಹಾಕಿ ಹೊಸ ನಮೂದು ತೆರೆದೆ. 20ರಿಂದ ಹಿಂದಕ್ಕೆ ಎರಡೂ ಕಡೆಯ ತಲೆಯ ಮೇಲಿನ ಪ್ಯಾನಲ್‌ಗಳನ್ನೆಲ್ಲ ಇಳಿಸಿ, ಪೈಪ್, ವೈರ್ ಕಟ್ಟು, ಮಾಸ್ಕ್ ಬಾಗಿಲು ಒಂದೊಂದೇ ನೋಡಿದೆವು. 25ರಲ್ಲಿ ವೈರ್ ಕಟ್ಟಿನ ಒಂದು ಕ್ಲಾಂಪ್ ಮುರಿದಿದ್ದು ಸಿಕ್ಕಿತು. ವೈರಿನ ಹೊದಿಕೆ ಇನ್ನೂ ಸವೆದಿರಲಿಲ್ಲ. ಬ್ರಾಕೆಟ್ ಸ್ಟೋರ್‌ನಲ್ಲಿ ಇರಲಿಲ್ಲ, ಮಧ್ಯಾಹ್ನದವರೆಗೆ ವಿಮಾನ ನಿಂತಿತು. ಶಿಫ್ಟ್ ಮ್ಯಾನೇಜರ್ ಬಂದರು, ಅರ್ಧ ತೆರೆದ ಬಾಗಿಲನ್ನು ತಾವೇ ಒಂದು ಸಲ ತಳ್ಳಿ ನೋಡಿದರು, ಏನೂ ಹೇಳದೆ ಹೋದರು.